ಶೇಂಗಾ ಸಿಪ್ಪೆಯಷ್ಟು

ನವುಲೆಯ ಕೃಷಿ ಕಾಲೇಜಿನ ಹುಡುಗ, ಬಕಾರಿ,
ಒಂದು ಪಾವು ಶೇಂಗಾ ಕೊಂಡು
ಒಂದೇ ಕಾಯಿ ಬಿಡಿಸಿ, ಸಿಪ್ಪೆ ಹಿಡಿದು ತೋರಿಸಿದ:
'ಇದೇ ನಮ್ಮ ಗ್ಯಾಂಬಿಯಾ.'

ನಕ್ಕೆ. ಅವನು ನಗಲಿಲ್ಲ.
ನಡುವೆ ಹೊಳೆ, ಅತ್ತಿತ್ತ ಒಂದಿಷ್ಟೇ ದಡ,
ತುದಿಯಲ್ಲಿ ಉಪ್ಪುನೀರು.
ಹಡಗಿನ ತೋಪು ಹಾರಿ ಗುಂಡು ಎಲ್ಲಿ ಬಿತ್ತೋ
ಅಲ್ಲೇ ಗಡಿ ಅಂತ ಅವರಜ್ಜಿ ಹೇಳುತ್ತಿದ್ದಳಂತೆ.
ಹಾರಿಸಿದವರು ಯಾರಪ್ಪಾ ಅಂದೆ.
'ನಿಮ್ಮಲ್ಲಿಗೂ ಬಂದಿದ್ದರಲ್ಲ, ಅವರೇ.'

ಆ ಹೊಳೆಯಲ್ಲಿ ಮೊದಲು ಮನುಷ್ಯರನ್ನು ತುಂಬಿ ಕಳಿಸಿದರಂತೆ,
ಆಮೇಲೆ ಶೇಂಗಾ.
ನನ್ನ ಜಾಲರಿ ಸೌಟು ಬಿಸಿಮರಳಲ್ಲೇ ನಿಂತಿತು;
ತಳದಲ್ಲಿ ನಾಲ್ಕು ಕಾಯಿ ಸೀದವು.

ಸೋರೆಬುರುಡೆಗೆ ಇಪ್ಪತ್ತೊಂದು ತಂತಿ ಕಟ್ಟಿ
ಮನೆಮನೆಯ ಹಿರೀಕರನ್ನು ಹಾಡುವವರಿದ್ದಾರಂತೆ ಅವರಲ್ಲಿ.
ನಮ್ಮಲ್ಲೂ ಹೆಳವರು ಬರುತ್ತಾರೆ ಎತ್ತಿನ ಮೇಲೆ,
ಕೈಯಲ್ಲಿ ಗಂಟೆ, ಎಂದೆ.
'ಹಾಗಾದರೆ ಹೇಳಿ, ನಿಮ್ಮ ಹಿರೀಕರು?'
ಅಪ್ಪ ಗುತ್ಯಪ್ಪ, ಅಜ್ಜ ಚೌಡಪ್ಪ,
ಅವನಪ್ಪ...
ಬೆಂಕಿ ಕೆದಕಿದೆ.
ಹುಡುಗ ಹದಿನಾಲ್ಕು ಹೆಸರು ಹೇಳಿದ, ನಿಂತಲ್ಲೇ,
ಹೊಸನಗರದ ಕೊನೇ ಬಸ್ಸು ಹಾರನ್ ಹೊಡೆಯುತ್ತಿರುವಾಗ.

ತುಂಗೆ ಯಾವ ಸಮುದ್ರಕ್ಕೆ, ಕೇಳಿದ.
ಪಡುವಣ ಕಡಲು ಇಷ್ಟು ಹತ್ತಿರ,
ಆದರೂ ಮೂಡಲಿಗೆ ಹೊರಟವಳು ಎಂದೆ.
'ನಡೆಯಲು ತುಂಬಾ ನೆಲ ಇದೆ ಅವಳಿಗೆ' ಅಂದ,
ಹೊಟ್ಟೆಕಿಚ್ಚಿಲ್ಲದೆ.

ಗಾಡಿ ಒರೆಸುವಾಗ ಆ ಸಿಪ್ಪೆ ಸಿಕ್ಕಿತು.
ಹೆಳವ ಈ ಸಲ ಬಂದರೆ
ಒಂದು ಪಾವು ಹೆಚ್ಚಿಗೆ ಕೊಟ್ಟು
ಮೂರನೇ ಹೆಸರು ಕೇಳಿಕೊಳ್ಳಬೇಕು.
ಅಲ್ಲಿತನಕ ತಕ್ಕಡಿಯ ಕೆಳಗಿರಲಿ
ಯಾರದೋ ದೇಶ.