ಕತ್ತಲದಾಗ ಕತ್ರಿ ನಡಿಯಂಗಿಲ್ಲ

ಮಂಗಳವಾರ ನನ್ನ ಹಳೇಹುಬ್ಬಳ್ಳಿ ಅಂಗಡಿ ಬಂದ್.
ತಿಂಗಳಿಗೆರಡು ಮಂಗಳವಾರ
ಚೀಲದಾಗ ಮಶೀನು, ಎರಡು ಕತ್ರಿ, ಬಿಳೇ ಅರಬಿ ಹಾಕ್ಕೊಂಡು
ಸರ್ಕಾರಿ ಹುಡುಗರ ಮನಿಗೆ ಹೋಗತೇನಿ.
ಗೇಟಿನ್ಯಾಗ ಕತ್ರಿ ಎಣಸ್ತಾರ, ಬರೂವಾಗ ಮತ್ತ ಎಣಸ್ತಾರ.
ತಲಿಗೆ ಮೂವತ್ತು ರೂಪಾಯಿ. ಬಿಲ್ಲು ಮೂರು ತಿಂಗಳಿಗೊಮ್ಮೆ.

ಬೇವಿನ ಗಿಡದ ಬುಡಕ ಸ್ಟೂಲು.
ಒಬ್ಬಂದು ನೆತ್ತಿ ಮ್ಯಾಲ ಎರಡು ಸುಳಿ,
ಒಬ್ಬಂದು ಕಿವಿ ಹಿಂದ ಹೊಲಿಗಿ ಹಾಕಿದ ಗೆರಿ.
ಏನು ಮಾಡಿ ಬಂದೀಯೋ ಅಂತ ನಾ ಕೇಳಂಗಿಲ್ಲ.
ತಲಿ ಬಗ್ಗಿಸು, ಅಂತೇನಿ. ಬಗ್ಗಸ್ತಾರ.

ಅವತ್ತು ಇಪ್ಪತ್ತೆರಡು ತಲಿ ಮುಗದಿದ್ದವು.
"ಇನ್ನೊಂದೈತಿ," ಅಂದ ಕಾವಲಿನ ಯಮನೂರಪ್ಪ,
"ಹಿಂದಿನ ಖೋಲ್ಯಾಗ. ಅಲ್ಲೇ ಹೋಗಿ ಹೊಡದ ಬಾ,
ಹೊರಗ ತರೂ ಹಂಗಿಲ್ಲ."

ಅಡಿಗಿಮನಿ ಹಿಂದ, ಮದಲ ಗ್ಯಾಸಿನ ಸಿಲಿಂಡರ್ ಇಡತಿದ್ರಲ್ಲ, ಆ ಖೋಲಿ.
ಕಿಡಿಕಿಗೆ ತಗಡು ಬಡದಾರ.
ಬಾಗಲಾ ತಗದ ಕೂಡ್ಲೇ ಮಾರಿಗೆ ಬಡೀತು
ವರ್ಷಗಟ್ಲೆ ತಗೀದ ಟ್ರಂಕಿನ ಗಾಳಿ.
ಗ್ವಾಡಿಗೆ ಹತ್ತಿ ಕುಂತಿದ್ದ ಹುಡುಗ.
ಹದಿನೈದಿದ್ದೀತು, ಮೀಸಿ ಇನ್ನೂ ಬರ್ಲೋ ಬ್ಯಾಡೋ ಅಂತಿತ್ತು.
ನನ್ನ ಚೀಲಾ ನೋಡಿದ.
"ಅಂದ್ರ ಇವತ್ತು ಮಂಗಳವಾರ," ಅಂದ.

"ಯಾಕ ಹಾಕೀರಿ?"
"ತಾಟು ಒಗದ."
"ಎಷ್ಟು ದಿನಕ್ಕ?"
ಯಮನೂರಪ್ಪ ಕೀಲಿಕೈ ಗೊಂಚಲ ತಿರುವಿದ.
"ದೊಡ್ಡಸಾಹೇಬ್ರು ಟ್ರೇನಿಂಗಿಗೆ ಹೋಗ್ಯಾರ. ಬಂದ ಮ್ಯಾಲ ಹೇಳತಾರ."
"ಹಾಕಂದವರು ಯಾರು?"
"ಹಾಕಿದ್ದು... ಹಾಕಿದ್ದೈತಿ."

ತಾಟಿಗೆ ಲೆಕ್ಕ ಬರದಾರ: ತಾಟು ಒಂದು, ನೆಗ್ಗಿದ್ದು.
ಹುಡುಗನ್ನ ಒಳಗ ಹಾಕಿದ್ದಕ್ಕ ತಾರೀಖಿಲ್ಲ, ರುಜು ಇಲ್ಲ.
ನನ್ನ ಕತ್ರಿನ ಎರಡೆರಡು ಸಲ ಎಣಿಸೋ ಗೇಟು
ಇವನ ದಿನಾ ಒಂದು ಸಲಾನೂ ಎಣಿಸಿಲ್ಲ.

ನಾ ಕಾಯ್ದೆ ಓದಿದವನಲ್ಲ, ಏಳನೇತ್ತೆ ನಪಾಸು.
ಗೊತ್ತಿದ್ದದ್ದು ಒಂದು ಮಾತು, ಅದನ್ನ ಹೇಳಿದೆ:
"ಕತ್ತಲದಾಗ ಕತ್ರಿ ನಡಿಯಂಗಿಲ್ಲರಿ.
ಕಿವಿ ಹರಿದ್ರ ನೀವು ಬರಕೋತೀರೋ, ನಾ ಬರಕೊಡ್ಲೋ?"

ಯಮನೂರಪ್ಪ ಆ ಕಡೆ ನೋಡಿದ, ಈ ಕಡೆ ನೋಡಿದ.
"ಹತ್ತು ನಿಮಿಷ," ಅಂದ.

ಬೇವಿನ ಬುಡಕ ಬಂದು ಕಣ್ಣು ಮುಚ್ಚಿಗೊಂಡ.
ಬಿಸಲಿಗೆ ನೀರು ಬರ್ತಾವ, ಅಂದ. ಹೌದಪಾ, ಅಂದೆ.
ಹೆಸರು ಫಕ್ಕೀರೇಶ. ಲಕ್ಷ್ಮೇಶ್ವರದಾಂವ.
ಹತ್ತು ನಿಮಿಷದ ತಲಿನ ನಲವತ್ತು ನಿಮಿಷ ಕತ್ತರಿಸಿದೆ.
ಇಪ್ಪತ್ತೈದು ವರ್ಷದಾಗ ಅಷ್ಟು ಸಾವಕಾಶ
ಯಾವ ಮದುಮಗಗೂ ಕತ್ತರಿಸಿಲ್ಲ.
ಕೂದಲಾ ತೀರಿದ ಮ್ಯಾಲ ಬರೇ ಗಾಳಿ ಕತ್ತರಿಸಿದೆ, ಸಪ್ಪಳಕ್ಕ.
ಉಳಿದ ಹುಡುಗರು ಅರಬಿ ಒಣಹಾಕೋ ನೆವಕ್ಕ ಬಂದು
ಕ್ರಿಕೆಟ್ಟಿನ ರನ್ನು ಹೇಳಿ ಹೋದರು.
ಒಬ್ಬ ಬರೇ "ಏ ಪಕ್ಯಾ" ಅಂದ.
ನನ್ನ ಕೈಕೆಳಗ ಅವನ ಹೆಗಲು ಸಡಲ ಆದವು.

"ಇವತ್ತಿಗೆ ಎಂಟೋ, ಒಂಬತ್ತೋ?"
"ಹಾಕಿದ್ದು ಯಾವಾಗ?"
"ಹೋಳಿಗಿ ಮಾಡಿದ ದಿನ."
ಯುಗಾದಿ. ಬೆರಳು ಮಡಚಿದೆ. "ಹನ್ನೊಂದು."
ಬಾಳೊತ್ತು ಸುಮ್ಮನ ಕುಂತ,
ಕಿಸೇದಾಗಿನ ಚಿಲ್ಲರಿ ಎಲ್ಲಿ ಬಿತ್ತಂತ ಹುಡುಕೋರ ಹಂಗ.

ಕನ್ನಡಿ ಕೊಟ್ಟೆ. ಅದರಾಗ ಗಿಡದ ಟೊಂಗಿ ನೋಡಿದ,
ಒಣಹಾಕಿದ ಅಂಗಿ ನೋಡಿದ,
ಕಡೀಕೆ ಬೆನ್ನ ಹಿಂದಿನ ಬಾಗಲಾ ನೋಡಿ
ಕನ್ನಡಿ ವಾಪಸ್ ಕೊಟ್ಟ.
ತಾನ ಎದ್ದು ಹೋದ. ಯಾರೂ ಕೈ ಹಿಡೀಬೇಕಾಗ್ಲಿಲ್ಲ.

ಬಿಲ್ಲಿನ ಕೆಳಗ ಒಂದಿಷ್ಟು ಜಾಗ ಖಾಲಿ ಇತ್ತು. ಬರದೆ:
ಇಪ್ಪತ್ತಮೂರನೇ ತಲಿ, ಫಕ್ಕೀರೇಶ.
ಹಿಂದಿನ ಖೋಲಿ, ತಗಡಿನ ಕಿಡಿಕಿ, ಹನ್ನೊಂದನೇ ದಿನ.
ಬಿಸಲಾಗ ನಲವತ್ತು ನಿಮಿಷ.
ಕಂಡವನು: ಹಡಪದ ಗುರುಸಿದ್ಧಪ್ಪ. ರುಜು.

ಬಿಲ್ಲು ಇನ್ನೂ ಪಾಸಾಗಿಲ್ಲ.
ನಿನ್ನೆ ಧಾರವಾಡದ ಆಫೀಸಿನಿಂದ ಫೋನು:
"ಆ ಕೆಳಗಿನ ಸಾಲು ತಗದು ಬ್ಯಾರೆ ಬರಕೊಡ್ರಿ."

ಅಂದ್ರ, ಯಾರೋ ಓದ್ಯಾರ.