ಹನ್ನೆರಡು ಚುಕ್ಕಿ

ಕೆಂದಿನಾಳ ಆರ್‌ಸಿ, ತಾಲೂಕು ಬೀಳಗಿ.
ಹಳೆ ಊರು ಹೊಳಿ ಒಳಗೈತಿ,
ಹೊಸ ಊರಿನ ಓಣಿಗೆ ಹೆಸರಿಲ್ಲ, ಬರೀ ನಂಬರು.
ಪಂಚಾಯ್ತಿಯ ಎರಡನೇ ಖೋಲಿಯೊಳಗ
ಒಂದು ಕಂಪ್ಯೂಟರು, ಒಂದು ಹೆಬ್ಬೆಟ್ಟಿನ ಯಂತ್ರ,
ಅದರ ಮುಂದ ಒಂಬತ್ತು ವರ್ಷದಿಂದ ನಾನು:
ದಾನಮ್ಮ ಹುಲ್ಯಾಳ, ಡೇಟಾ ಎಂಟ್ರಿ.

ನನ್ನ ಪಾಸ್‌ವರ್ಡು ಊರಿಗೇ ಗೊತ್ತಿತ್ತು.
ಊರ ಹೆಸರು, ಅದರ ಬೆನ್ನಿಗೆ ಅಜ್ಜಿ ಮನಿ ನಂಬರು,
ಇನ್ನೂರಾ ಹದಿನಾಲ್ಕು.
ಮುಳುಗಿದ ಮನಿ.
ಮರೀಬಾರದು ಅಂತ ಇಟ್ಟದ್ದು,
ಯಾವುದನ್ನ ಮರೀಬಾರದು ಅಂತ ಕೇಳಬ್ಯಾಡ್ರಿ.

ಕ್ಯಾಲೆಂಡರಿನ ಹಿಂದ ಪೆನ್ಸಿಲಿನಿಂದ ಬರೆದಿತ್ತು.
ನಾ ಹೆರಿಗಿಗೆ ಹೋದಾಗ ಬಿಲ್ ಕಲೆಕ್ಟರ್ ಯಮನಪ್ಪ ಓದಿಕೊಂಡ.
ಅಧ್ಯಕ್ಷೆಯವರ ಗಂಡ ಓದಿಕೊಂಡ್ರು,
ಆಕಿ ಖುರ್ಚಿ ಅವರದ, ಆಕಿ ಸಹಿ ಅವರದ, ಇದೇನು ಮಹಾ.
ವಾಟರ್‌ಮನ್ ಲಾಲಸಾಬನ ಮಗಳು
ರೇಶನ್ ಕಾರ್ಡಿನ ಹೆಸರು ತಿದ್ದೋವಾಗ ಬಾಯಿಪಾಠ ಮಾಡಿದ್ಳು,
ಮಗ್ಗಿ ಮಾಡಿಧಂಗ.
"ಪಾಸ್‌ವರ್ಡ್ ಬದಲಿಸಿರಿ" ಅಂತ ಪರದೆ ಕೇಳಿದಾಗೆಲ್ಲ
"ಆಮೇಲೆ" ಒತ್ತಿದೆ.
ಹೊರಗ ಪಾಳಿ ಹಚ್ಚಿದ ಮಂದಿ, ಸರ್ವರ್ ಬರೋದು ಹೋಗೋದು,
ಯಾರಿಗೆ ಪುರುಸೊತ್ತು?

ಒಂದು ರಾತ್ರಿ ಎರಡೂ ಹತ್ತಕ್ಕ
ನಾನು ಒಳಗ ಹೋಗೇನಿ.
ಆವಾಗ ಊರಾಗ ಕರೆಂಟಿಲ್ಲ,
ನಾ ಮಗನ ಜ್ವರಕ್ಕ ತಣ್ಣೀರ ಪಟ್ಟಿ ಹಾಕತಿದ್ದೆ.
ಆದರೂ ಹೋಗೇನಿ. ಕಂಪ್ಯೂಟರು ಹೇಳತೈತಿ.
ಹೊಳಿ ತಳದ ಹನ್ನೊಂದು ಮನಿ
ಒಬ್ಬನೇ ಒಬ್ಬನ ಹೆಸರಿಗೆ ಮಾಡೇನಿ,
ಉತಾರ ತಗದೇನಿ, ಕ್ಯೂಆರ್ ಕೋಡ್ ಸಹಿತ.
ಎಲ್ಲೋ ಒಂದು ಬ್ಯಾಂಕು
ನೀರಿನ ಮ್ಯಾಲ ಸಾಲ ಕೊಟ್ಟೈತಿ.

ಬಾಗಲಕೋಟಿ ಸೈಬರ್ ಠಾಣೆಯ ಮೇಡಮ್ಮಾರು
ನನಗಿಂತ ಸಣ್ಣಾಕಿ, ಪೆನ್ನು ಬಿಚ್ಚಿ ಕೇಳಿದ್ಲು:
"ಯಾರ್‍ಯಾರಿಗೆ ಹೇಳಿದ್ರಿ?"
ಹೆಸರು ಹೇಳ್ತಾ ಹೋದೆ. ಹಾಳಿ ಹೊಳ್ಳಿಸಿದ್ಲು.
ಮತ್ತ ಹೇಳಿದೆ. ಪೆನ್ನು ನಿಂತಿತು.
"ಅಕ್ಕಾರ, ಇದು ಮತದಾರರ ಪಟ್ಟಿ ಆತು."
ನಕ್ಕಳು. ನನಗ ನಗು ಬರಲಿಲ್ಲ.

ಆಕಿ ತೋರಿಸಿದ ಉತಾರದಾಗ
ಇನ್ನೂರಾ ಹದಿನಾಲ್ಕರ ಚಕ್ಕುಬಂದಿ ಓದಿದೆ:
ಪೂರ್ವಕ್ಕ ರಸ್ತೆ, ಪಶ್ಚಿಮಕ್ಕ ಖಾಲಿ ಜಾಗ.
ಸುಳ್ಳು.
ಪಶ್ಚಿಮಕ್ಕ ಅಜ್ಜಿಯ ಒರಳು, ಅದರ ಬಾಜು
ಪರಿಹಾರದ ಚೆಕ್ಕು ಬಂದ ದಿನ ಆಕಿ ಒಗೆದ ಸಗಣಿ ಬುಟ್ಟಿ.
ಪೂರ್ವಕ್ಕೀಗ ಮೀನು.
ಕಳ್ಳ ಒಳಗ ಹೊಕ್ಕನಲ್ಲ,
ಕಾಲರ ತೊಯ್ದವೇನು?

ಜಿಲ್ಲಾ ಪಂಚಾಯ್ತಿಯಿಂದ ತರಬೇತಿಗೆ ಬಂದ ಹುಡುಗ
ಗೋಡೆ ಮ್ಯಾಲ ಬೆಳಕು ಬಿಟ್ಟು ಹೇಳಿದ:
ಊರ ಹೆಸರು ಬ್ಯಾಡ, ಮಕ್ಕಳ ಹೆಸರು ಬ್ಯಾಡ,
ದೇವರು ಬ್ಯಾಡ, ಹುಟ್ಟಿದ ತಾರೀಖು ಬ್ಯಾಡ.
ಹನ್ನೆರಡು ಅಕ್ಷರ, ಏನೂ ಅರ್ಥ ಇರಬಾರದು.
ಹಿಂದಿನ ಬೆಂಚಿನಿಂದ ಯಾರೋ ಅಂದ್ರು,
"ಠರಾವು ಬರಿಯೋ ಸೆಕ್ರೆಟರಿನ್ನ ಕೇಳ್ರಿ, ಅಂಥಾವು ಭಾಳ ಗೊತ್ತದಾವು."

ಅರ್ಥ ಇಲ್ಲದ್ದನ್ನ ಹುಡುಕೋದು ಇಷ್ಟು ತ್ರಾಸು
ಅಂತ ತಿಳಿದಿರಲಿಲ್ಲ.
ಬೆರಳು ತಾವೇ ಹಳೆ ಹಾದಿ ಹಿಡಿದು
ಊರ ಅಗಸಿಗೆ ಹೋಗಿ ನಿಲ್ಲತಾವು,
ಜಗ್ಗಿ ತರಬೇಕು.

ಯಾರು ಮಾಡಿದ್ದಂತ ಇನ್ನೂ ಗೊತ್ತಾಗಿಲ್ಲ.
ಚಹಾ ಬರತೈತಿ, ಮೊದಲಿನಂಗ ಐದು ಕಪ್ಪು,
ಕಪ್ಪಿನ ಕಂಠ ನೋಡಕೊಂತ ಕುಡಿತೀವಿ,
ಒಬ್ಬರ ಮುಖ ಒಬ್ಬರು ನೋಡೂದಿಲ್ಲ.

ಇವತ್ತು ಮುಂಜಾನೆ ಖೋಲಿ ತೆಗೆದು ಕೂತೆ.
ಕ್ಯಾಲೆಂಡರು ತೆಗೆದ ಜಾಗ ಗೋಡಿ ಮ್ಯಾಲ ಬೆಳ್ಳಗಿತ್ತು.
ನೀರಿನ ಕರದ ಬುಕ್ಕು ಹಿಡಿದು ಯಮನಪ್ಪ ಬಾಜು ನಿಂತಿದ್ದ.
ನಾ ಕೀಲಿಮಣಿ ಮ್ಯಾಲ ಕೈ ಇಟ್ಟೆ.
ಆತ ಏನೂ ಅನ್ನಲಿಲ್ಲ,
ಬಾಣಂತಿ ಕೂಸಿಗೆ ಹಾಲು ಕೊಡೋ ಹೊತ್ತಿಗೆ
ಗಂಡಸರು ಹೊಳ್ಳಿ ನಿಲ್ಲೂ ಹಂಗ
ಗೋಡಿ ಕಡೆ ಹೊಳ್ಳಿ ನಿಂತ.

ಒಂದೊಂದ ಚುಕ್ಕಿ ಬಿದ್ದವು.
ಆತ ಎಣಿಸಾಕತ್ತಾನೇನು ಅಂತ
ಬೆನ್ನನ್ನೇ ನೋಡಿದೆ.