ದೇವಿದಾಸ ಹೇಳಿದ್ದು

ಕಾರವಾರದ ಜಿಲ್ಲಾಸ್ಪತ್ರೆಗೆ ನಾಲ್ಕು ಸಲ ಅಲೆದು
ಅವನ ಆಯಿ ತಂದ ಸೀಲಿನ ಕಾಗದ ಮೇಜಿನ ಮೇಲಿದೆ.
ಹತ್ತನೆಯವನು ದೇವಿದಾಸ ಹರಿಕಂತ್ರ.
ಒಂಬತ್ತನೆಯವಳು ನಾನು, ಇವತ್ತಿಗೆ ಅವನ ಬಲಗೈ.
ತಿದ್ದುವಂತಿಲ್ಲ.

ಬಂಗುಡೆಯ ಹೊಟ್ಟೆ ನೋಡದೆಯೂ ಸೀಳುವವನು
‘ಭ’ದ ಹೊಟ್ಟೆ ಸೀಳಲು ಮರೆಯುತ್ತಾನಂತೆ;
ವರ್ಷವಿಡೀ ಅದಕ್ಕೇ ಕೆಂಪು ಗೀಟು.

ಸಮುದ್ರ ಉಬ್ಬುವುದೇಕೆ? ಎರಡು ಅಂಕ.
ಅಮಾಸೆಗೆ ಬೈತಕೋಲದ ದಕ್ಕೆಯಲ್ಲಿ
ಎಷ್ಟು ಮೆಟ್ಟಿಲು ಮುಳುಗುತ್ತವೆ,
ಅಲ್ಲಿಂದ ಶುರುಮಾಡಿದ.
ಪುಸ್ತಕದಲ್ಲಿಲ್ಲದ್ದು. ಬರೆದೆ.

ಆಮೇಲೆ ಚಂದ್ರ, ಸೂರ್ಯ, ಸೆಳೆತ.
‘ಭರತಿ’ ಎಂದ,
ಎದೆಯಿಂದ, ಉಸಿರು ತುಂಬಿ.
ಅವನ ಬಾಯಲ್ಲೇ ಸೀಳಿತ್ತು ಅದು.

ಗಂಟೆ ಹೊಡೆಯಿತು. ಆಚೆ ಕೋಣೆಗಳಲ್ಲಿ ಬೆಂಚು ಸರಿದವು.
‘ನಮಗಿನ್ನೂ ಹೊತ್ತಿದೆ,’ ಅಂದ ದೇವಿದಾಸ,
‘ಮೊದಲಿಂದ ಓದು.’